ರೀಸ್ಟಾರ್ಟ್ ರಾಯರ ಹೆಸರಿನಲ್ಲಿ ಒಂದೂ ದೂರಿಲ್ಲ

ನಮ್ಮ ಯಜಮಾನರಿಗೆ ಕಂಪ್ಯೂಟರಿನ ವಿಷಯದಲ್ಲಿ ಅಭಿಪ್ರಾಯಗಳಿವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆ ಗಂಡಸರಿಗೆ ರಾಜಕೀಯದ ಬಗ್ಗೆ, ಆಟದ ಬಗ್ಗೆ, ಹೆಂಡತಿಯ ಅಡುಗೆಯ ಬಗ್ಗೆ ಅಭಿಪ್ರಾಯಗಳಿರುತ್ತವೆ. ಇವರು ತಟ್ಟೆಗೆ ಏನು ಬಡಿಸಿದರೂ ತಲೆ ತಗ್ಗಿಸಿ ತಿಂದು ಏಳುವವರು. ಆದರೆ ಯಾರಾದರೂ ಒಂದು ಫೈಲಿಗೆ ‘ಫೈನಲ್’ ಎಂದು, ಅದರ ಪಕ್ಕದ್ದಕ್ಕೆ ‘ನಿಜವಾದ ಫೈನಲ್’ ಎಂದು ಹೆಸರಿಟ್ಟದ್ದು ಕಣ್ಣಿಗೆ ಬಿದ್ದರೆ ಮುಗಿಯಿತು, ಆ ದಿನವೆಲ್ಲ ಅದೇ ಮಾತು.

ನಾನು ‘ಇವರು’ ಎಂದರೆ ಅದು ಯಜಮಾನರೇ. ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡುವ ಹುಮ್ಮಸ್ಸೂ ಇಲ್ಲ. ಇವರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಂತೂ ಇವರಿಗೆ ಹೆಸರೊಂದಿದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಏನು ಕೆಟ್ಟಿದೆ ಎಂದು ಕರೆದರೂ ಬಾಗಿಲಲ್ಲೇ ನಿಂತು, “ಒಂದ್ಸಲ ರೀಸ್ಟಾರ್ಟ್ ಮಾಡಿದ್ರಾ?” ಎಂದು ಕೇಳುತ್ತಿದ್ದರು. ಅದಕ್ಕೇ ಉಪನ್ಯಾಸಕರಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರಿಗೂ ಇವರು ರೀಸ್ಟಾರ್ಟ್ ರಾಯರು.

ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್, ಪ್ರೊಜೆಕ್ಟರ್, ಮರೆತುಹೋದ ಪಾಸ್‌ವರ್ಡ್, ಎಲ್ಲ ಇವರದೇ. ಕಾಯಂ ನೌಕರಿಯಲ್ಲ, ವರ್ಷ ವರ್ಷವೂ ಗುತ್ತಿಗೆ ನವೀಕರಿಸಿಕೊಳ್ಳುವ ಕೆಲಸ. ಅದೇ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ, ಆದರೆ ಇಡೀ ಕಟ್ಟಡದ ಸುದ್ದಿ ಆ ಮೆಟ್ಟಿಲು ಇಳಿದೇ ಹೋಗಬೇಕು. ಹಾಗಾಗಿ ನಾನು ಹೇಳುತ್ತಿರುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಊಟದ ಹೊತ್ತಿನಲ್ಲಿ ಇವರೇ ಹೇಳಿದ್ದು. ಬೇಡವೆಂದರೂ ಹೇಳುತ್ತಿದ್ದರು.

ಇವರ ಅಭಿಪ್ರಾಯಗಳಲ್ಲಿ ಮುಖ್ಯವಾದದ್ದು, ಕಂಪ್ಯೂಟರ್ ತಾನಾಗಿ ಕೆಡುವುದಿಲ್ಲ, ಅದರ ಮುಂದೆ ಯಾರೋ ಕೂತಿರುತ್ತಾರೆ ಎಂಬುದು. ಡೆಸ್ಕ್‌ಟಾಪಿನ ತುಂಬ ಫೈಲು ಹರಡಿಕೊಂಡವರ ಮನೆಯ ಬೀರು ತೆರೆದರೆ ಬಟ್ಟೆ ಮೈಮೇಲೆ ಬೀಳುತ್ತದೆ ಎಂದು ಪಂಥ ಕಟ್ಟುತ್ತಿದ್ದರು. ವೈರ್ ಇಲ್ಲದ ಮೌಸನ್ನು ನಂಬುತ್ತಿರಲಿಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗಿಟ್ಟವರನ್ನು ಹಿಡಿದರಂತೂ, “ಬೀಗದ ಕೈನ ಬೀಗಕ್ಕೇ ನೇತು ಹಾಕಿ ಹೋಗ್ತೀರಾ ಸಾರ್ ಮನೇಲಿ?” ಎಂದು ಎಲ್ಲರ ಎದುರಿಗೆ ಮರ್ಯಾದೆ ತೆಗೆಯುತ್ತಿದ್ದರು. ಇನ್ನು ಪ್ರಿಂಟರ್. ಅದನ್ನು ಇವರು ಯಂತ್ರ ಎಂದೇ ಒಪ್ಪುವುದಿಲ್ಲ.

“ಅದು ಸಂಬಂಧಿಕರ ಥರ ಕಣೇ,” ಎನ್ನುತ್ತಿದ್ದರು. “ಬೇಕಾದಾಗ ಆಗಲ್ಲ, ಬೇಡದಾಗ ಶಬ್ದ ಮಾಡುತ್ತೆ, ಯಾಕೆ ಮುನಿಸ್ಕೊಂಡಿದೆ ಅಂತ ಬಾಯಿ ಬಿಟ್ಟು ಹೇಳಲ್ಲ.”

“ಯಾರ ಕಡೆ ಸಂಬಂಧಿಕರು?” ಎಂದು ನಾನು ಕೇಳಿದರೆ ಮಾತು ತಿರುಗಿಸುತ್ತಿದ್ದರು.

ಬೈಯುತ್ತ ಬೈಯುತ್ತಲೇ ರಿಪೇರಿ ಮಾಡುವುದು ಇವರ ರೀತಿ. ವಿಚಿತ್ರವೆಂದರೆ ಬೈಸಿಕೊಂಡವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ತರಗತಿಯಲ್ಲಿ ತಾವು ಊರಿಗೆಲ್ಲ ಬೈಯುವವರು, ತಮಗೂ ಬೈಯಲು ಒಬ್ಬರಿದ್ದಾರಲ್ಲ ಎಂಬ ಸಮಾಧಾನವೋ ಏನೋ. ಕಾರಿಡಾರಿನ ಆ ತುದಿಯಿಂದ ಯಾರೋ “ರಾಯರೇ, ಸ್ವಲ್ಪ ಬನ್ನಿ!” ಎಂದು ಕೂಗುವುದು, ಇವರು ಗೊಣಗುತ್ತ ಎದ್ದು ಹೋಗುವುದು, ಕೆಲಸ ಮುಗಿಸಿ ಒಂದು ಅಭಿಪ್ರಾಯ ಹೇಳಿ ಬರುವುದು. ಇದೇ ಕಛೇರಿಯ ಪದ್ಧತಿ. ಫೋನಿಲ್ಲ, ಅರ್ಜಿಯಿಲ್ಲ, ಕೂಗೇ ಸಾಕು.

ಊರಿಗೆ ಉಪಕಾರಿ, ಮನೆಯಲ್ಲಿ ಮಾತ್ರ ಇವರ ವಿದ್ಯೆ ನಡೆಯುತ್ತಿರಲಿಲ್ಲ. ನನ್ನ ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ ನಾನು ಕಸ ಗುಡಿಸಿ, ಪೇಪರ್ ಜೋಡಿಸಿ, ಟೀ ಕುಡಿದು ಬಂದ ಮೇಲೆ ಕಣ್ಣು ಬಿಡುತ್ತಿತ್ತು. ನಮ್ಮತ್ತೆಯ ಫೋನಿಗೆ ಒಮ್ಮೆ ಏನೋ ಆಗಿ, ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳತೊಡಗಿತು. ವಾರಗಟ್ಟಲೆ ಮನೆಯಲ್ಲಿ ಯಾರದೋ ಹೆಂಗಸಿನ ದನಿ.

“ಊರೋರ ಕಂಪ್ಯೂಟರೆಲ್ಲ ಸರಿ ಮಾಡ್ತಾನೆ, ಹೆತ್ತೋಳ ಫೋನ್ ಮುಟ್ಟೋಕೆ ಇವನಿಗೆ ಪುರುಸೊತ್ತಿಲ್ಲ,” ಎಂದು ಅತ್ತೆ ಗೋಳಾಡುವುದು, “ಆಫ್ ಮಾಡಿ ಆನ್ ಮಾಡಮ್ಮ,” ಎಂದು ಇವರು ಪತ್ರಿಕೆಯಿಂದ ತಲೆಯೆತ್ತದೆ ಹೇಳುವುದು. ಕೊನೆಗೆ ನಮ್ಮ ಮಗಳು ಸರಿ ಮಾಡಿಕೊಟ್ಟಳು. ಅಷ್ಟರಲ್ಲಿ ಅತ್ತೆಗೆ ಆ ದನಿ ಒಗ್ಗಿಹೋಗಿ, ಮನೆ ಬಿಕೋ ಅನ್ನುತ್ತಿದೆ ಎಂದು ಮತ್ತೆ ಹಾಕಿಸಿಕೊಂಡರು.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ವಿಶ್ವವಿದ್ಯಾಲಯಕ್ಕೆ ಹೊಸ ಆಡಳಿತಾಧಿಕಾರಿ ಬಂದರು. ಕೆಟ್ಟವರೇನಲ್ಲ. ಅಂಕಿ ಅಂಶ ಕಂಡರೆ ಮುಖ ಅರಳುವ ಪೈಕಿ, ಅಷ್ಟೇ. ಬಂದವರೇ ಒಂದು ದೂರು ಪೋರ್ಟಲ್ ಮಾಡಿಸಿದರು. ಕಂಪ್ಯೂಟರ್ ಕೆಟ್ಟರೆ ಇನ್ನು ಮೇಲೆ ಯಾರೂ ಕೂಗುವಂತಿಲ್ಲ. ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಇವರು ಹೋಗಿ ಸರಿ ಮಾಡಿ, ಸರಿ ಮಾಡಿದೆ ಎಂದು ಅದರಲ್ಲೇ ಬರೆಯಬೇಕು. ಆಮೇಲೆ ದೂರು ಕೊಟ್ಟವರಿಗೆ ಒಂದು ಮೇಲ್ ಹೋಗುತ್ತದೆ. ಅವರು ಅದನ್ನು ತೆರೆದು ‘ಪರಿಹಾರವಾಗಿದೆ’ ಎಂಬ ಬಟನ್ ಒತ್ತಿದರೆ ಮಾತ್ರ ದೂರು ಮುಗಿದಂತೆ. ವರ್ಷದ ಕೊನೆಯಲ್ಲಿ ಯಾರ ಹೆಸರಿನಲ್ಲಿ ಎಷ್ಟು ದೂರು ಮುಗಿದಿದೆ ಎಂದು ನೋಡಿ ಗುತ್ತಿಗೆ ನವೀಕರಣ.

ಇವರ ಅಭಿಪ್ರಾಯ ಕೇಳಬೇಕೇ?

“ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ಕಂಪ್ಯೂಟರಲ್ಲೇ ದೂರು ಕೊಡ್ಬೇಕಂತೆ! ಗಂಟಲು ಕಟ್ಟಿದೆ ಅನ್ನೋನಿಗೆ ಎಲ್ಲಿ ಹಾಡಿ ತೋರಿಸು ಅಂದ ಹಾಗಾಯ್ತು.”

“ಅವರು ಹೇಳಿದ ಹಾಗೆ ಒಂದಷ್ಟು ದೂರು ಹಾಕಿಸ್ಕೊಳ್ರೀ, ನಿಮ್ಮ ಗಂಟೇನು ಹೋಗುತ್ತೆ?” ಎಂದೆ.

“ಪ್ಲಗ್ ಹಾಕೋ ಕೆಲಸಕ್ಕೆ ಪುರಾಣ ಬರೆಯೋಕೆ ನನ್ನ ಕೈಲಾಗಲ್ಲ ಕಣೇ. ನಾನು ಬರೆಯೋನಲ್ಲ, ಮಾಡೋನು.”

ಇವರ ಹಟ ನನಗೆ ಹೊಸದಲ್ಲ. ಮೇಲಿನ ಉಪನ್ಯಾಸಕರಿಗೂ ಅದೇ ಅನುಕೂಲವಾಗಿ ಕಂಡಿತು. ಪೋರ್ಟಲ್ ಎಲ್ಲಿದೆ ಎಂದು ಹುಡುಕುವುದಕ್ಕಿಂತ ಬಾಗಿಲಿಗೆ ಬಂದು ಕೂಗುವುದು ಸುಲಭ. ಹೀಗಾಗಿ ವರ್ಷವಿಡೀ ಕಾರಿಡಾರಿನಲ್ಲಿ “ರಾಯರೇ” ಎಂಬ ಕೂಗು ನಿಲ್ಲಲಿಲ್ಲ, ಪೋರ್ಟಲಿನಲ್ಲಿ ಇವರ ಹೆಸರಿನ ಮುಂದೆ ಒಂದು ದೂರೂ ಬೀಳಲಿಲ್ಲ.

ಗುತ್ತಿಗೆ ಮುಗಿಯುವ ತಿಂಗಳಲ್ಲಿ ಆಡಳಿತಾಧಿಕಾರಿ ಇವರನ್ನು ಕೋಣೆಗೆ ಕರೆಸಿ ಪರದೆ ತಿರುಗಿಸಿ ತೋರಿಸಿದರಂತೆ.

“ನಿಮ್ಮ ಹೆಸರಲ್ಲಿ ಒಂದೂ ಇಲ್ವಲ್ರೀ. ಇಡೀ ವರ್ಷ ಏನು ಮಾಡಿದ್ರಿ?”

“ಏನೂ ಕೆಡದ ಹಾಗೆ ನೋಡ್ಕೊಂಡೆ ಸಾರ್.”

“ಅದು ಇಲ್ಲಿ ಕಾಣಲ್ವಲ್ಲ,” ಎಂದು ಅವರು ಪರದೆಯನ್ನು ಬೆರಳಿಂದ ಕುಟ್ಟಿದರಂತೆ. ತಿಂಗಳ ಕೊನೆಯಲ್ಲಿ ಸಮಿತಿ ಕೂರುತ್ತದೆ, ಅಷ್ಟರಲ್ಲಿ ಏನಾದರೂ ಕಂಡರೆ ಸರಿ, ಇಲ್ಲವಾದರೆ ಈ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುತ್ತೇವೆ ಎಂದೂ ಹೇಳಿದರಂತೆ. ಪರದೆ ಹಾಗೆ ಕುಟ್ಟಬಾರದು, ಹಾಳಾಗುತ್ತದೆ ಎಂದು ಇವರು ಅಲ್ಲೇ ಅಭಿಪ್ರಾಯ ಹೇಳಿ ಬಂದರು.

ಅಂದು ಸಂಜೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಗುತ್ತಿಗೆ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ, ಕ್ಯಾಂಪಸ್ಸಿನ ಹಿಂದಿದ್ದ ನಮ್ಮ ಕ್ವಾರ್ಟರ್ಸೂ ಹೋಗುತ್ತದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ಒಂದಿಷ್ಟು ಜಾಗ. ನೆಲದ ಮಟ್ಟದ ಮನೆ, ಮೆಟ್ಟಿಲಿಲ್ಲ. ಅತ್ತೆಗೆ ಮೊಣಕಾಲು ಬಾಗುವುದಿಲ್ಲ. ಗೋಡೆ ಹಿಡಿದು ಹೊರಗೆ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗುವವರನ್ನೆಲ್ಲ ಮಾತಾಡಿಸುವುದೇ ಅವರ ದಿನಚರಿ. ಮಗಳು ಅಲ್ಲಿಂದಲೇ ನಡೆದುಕೊಂಡು ತರಗತಿಗೆ ಹೋಗುತ್ತಿದ್ದಳು. ನನ್ನ ಅಂಗಡಿಯ ಆದಾಯ ನಂಬಿಕೊಂಡು ಬೇರೆ ಕಡೆ ಅಂಥ ಮನೆ ಹಿಡಿಯುವುದು ಕನಸಿನ ಮಾತು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಯಾದರೆ ನನಗೆ ಕೋಪ ಬರುತ್ತದೆ. ಆ ಸಂಜೆ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚೇ ಸದ್ದು ಮಾಡಿದವು.

ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮರುದಿನ ಇತಿಹಾಸದ ಮೇಡಂ ಕೋಣೆಯಲ್ಲಿ ಪ್ರೊಜೆಕ್ಟರ್ ಸರಿ ಮಾಡುತ್ತ ಎಲ್ಲವನ್ನೂ ಹೇಳಿಬಿಟ್ಟರು. ಮೇಡಂ ಮನಸ್ಸು ಬೆಣ್ಣೆ. ಮುಂದಿನ ವರ್ಷ ವಿಭಾಗದ ಮುಖ್ಯಸ್ಥೆಯಾಗುವವರು, ಆದರೂ ಯಾರಿಗೆ ಕಷ್ಟ ಎಂದರೂ ತಾವೇ ಮುಂದೆ ನುಗ್ಗುವ ಜೀವ. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿ, “ನಮ್ಮ ರಾಯರನ್ನ ಉಳಿಸ್ಕೊಳ್ಳೋದು ನಮ್ಮ ಕೈಲಿದೆ. ಎಲ್ಲರೂ ಇವತ್ತೇ ದೂರು ಕೊಡಿ!” ಎಂದು ಭಾಷಣ ಮಾಡಿದರು. ಇವರು ವರ್ಷವಿಡೀ ಮಾಡಿಕೊಟ್ಟ ಕೆಲಸವನ್ನೆಲ್ಲ ನೆನಪಿಸಿಕೊಂಡು ಈಗ ದೂರು ಹಾಕುವುದು, ಇವರು ಸರಿ ಮಾಡಿದೆ ಎಂದು ಬರೆಯುವುದು, ಪಟಪಟನೆ ಸಂಖ್ಯೆ ಏರುವುದು. ಕೇಳಲು ಎಷ್ಟು ಚೆನ್ನಾಗಿತ್ತು! ಸುದ್ದಿ ಮೆಟ್ಟಿಲಿಳಿದು ಬಂದಾಗ ನನಗೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು. ಒಂದು ಕಟ್ಟು ಜೆರಾಕ್ಸ್ ಬಿಟ್ಟಿ ಮಾಡಿಕೊಟ್ಟೆ.

ಆದರೆ ಬರೆಯುವವರು ಯಾರು? ಬರೆಯುವುದನ್ನೇ ಕಸುಬು ಮಾಡಿಕೊಂಡವರು. ‘ಮೌಸ್ ಕೆಟ್ಟಿದೆ’ ಎಂದು ಬರೆದು ಸುಮ್ಮನಾಗುವ ಜನವೇ ಅವರು? ಇತಿಹಾಸದ ಮೇಡಂ ದೂರಿಗೆ ಹಿನ್ನೆಲೆ, ಕಾರಣಗಳು, ಪರಿಣಾಮಗಳು ಎಂದು ಉಪಶೀರ್ಷಿಕೆ ಕೊಟ್ಟರು. ರಾಯರ ಅಗತ್ಯ ಎದ್ದು ಕಾಣಲಿ ಎಂದು ಎಲ್ಲರೂ ಒಂದಿಷ್ಟು ಕಪ್ಪು ಬಣ್ಣ ಜಾಸ್ತಿಯೇ ಬಳಿದರು. ‘ನನ್ನ ಗಣಕಯಂತ್ರವು ಕಳೆದೊಂದು ವರ್ಷದಿಂದ ಮೂಕವಾಗಿದೆ’ ಎಂದು ಭಾಷಾ ವಿಭಾಗದ ಒಬ್ಬರು ಬರೆದದ್ದನ್ನು ಓದಿದರೆ ಕಣ್ಣಲ್ಲಿ ನೀರು ಬರಬೇಕು. ಅದು ಮೂಕವಾಗಿದ್ದದ್ದು ಒಂದು ಮಧ್ಯಾಹ್ನ, ಸ್ಪೀಕರಿನ ವೈರು ಸಿಕ್ಕಿಸದೆ. ಗಣಿತದ ಮೇಷ್ಟ್ರು ಮಾತ್ರ ಒಂದೇ ಸಾಲು ಬರೆದರು. ಅದಕ್ಕೆ ಅವರಿಗೆ ಒಂದು ದಿನ ಹಿಡಿಯಿತು.

ದೂರುಗಳೆಲ್ಲ ಬಂದವು. ಇವರು ಹಲ್ಲು ಕಚ್ಚಿಕೊಂಡು ಎಲ್ಲದಕ್ಕೂ ‘ಸರಿ ಮಾಡಲಾಗಿದೆ’ ಎಂದು ಬರೆದರು. ಪೋರ್ಟಲಿನಿಂದ ಎಲ್ಲರಿಗೂ ಮೇಲ್ ಹೋಯಿತು. ಅಲ್ಲಿಗೆ ನಿಂತಿತು.

ಏಕೆಂದರೆ ಆ ಮೇಲನ್ನು ಯಾರೂ ತೆರೆಯಲಿಲ್ಲ. ವಿಶ್ವವಿದ್ಯಾಲಯ ಎಲ್ಲರಿಗೂ ಒಂದೊಂದು ಮೇಲ್ ಖಾತೆ ಕೊಟ್ಟಿತ್ತು, ಅದನ್ನು ಕೊಟ್ಟ ದಿನ ತೆರೆದವರೇ ಕೊನೆ. ದೂರು ದಾಖಲಿಸಲು ಫೋನ್ ನಂಬರ್ ಸಾಕಿತ್ತು, ಮುಗಿಸಲು ಆ ಖಾತೆಯೇ ಬೇಕು. ಪಾಸ್‌ವರ್ಡ್ ಯಾರಿಗೆ ನೆನಪಿದೆ? ಇವರು ಮನೆಮನೆ ತಿರುಗುವವರ ಹಾಗೆ ಕೋಣೆ ಕೋಣೆಗೆ ಹೋಗಿ ಹೊಸ ಪಾಸ್‌ವರ್ಡ್ ಮಾಡಿಕೊಡತೊಡಗಿದರು. ಅಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಪಾಸ್‌ವರ್ಡ್ ಬದಲಿಸಿದರೆ ಪೋರ್ಟಲ್ ಅದನ್ನೂ ಒಂದು ದೂರು ಎಂದು ತಾನೇ ದಾಖಲಿಸಿಕೊಳ್ಳುತ್ತಿತ್ತು, ಅದಕ್ಕೂ ಒಂದು ಮೇಲ್, ಅದಕ್ಕೂ ಒಂದು ಬಟನ್. ಒಂದು ಮುಗಿಸಲು ಹೋದರೆ ಇನ್ನೊಂದು ಹುಟ್ಟುತ್ತಿತ್ತು. ಕೊಟ್ಟ ಪಾಸ್‌ವರ್ಡನ್ನು ಜನ ನಾಳೆಗೆ ಮರೆಯುತ್ತಿದ್ದರು. ಕೊನೆಗೆ ಇವರೇ ನನ್ನ ಅಂಗಡಿಯಿಂದ ಚೀಟಿ ಹರಿದುಕೊಂಡು ಹೋಗಿ, ಅದರಲ್ಲಿ ಪಾಸ್‌ವರ್ಡ್ ಬರೆದು, ತಮ್ಮ ಕೈಯಾರೆ ಕೀಬೋರ್ಡಿನ ಕೆಳಗಿಟ್ಟು ಬಂದರು. ಆ ದಿನ ಇವರ ಮುಖ ನೋಡಲಾಗಲಿಲ್ಲ. ಚೀಟಿಗಳು ಮರುದಿನವೇ ಕಸದ ಜೊತೆ ಹೋದವು.

ಗಣಿತದ ಮೇಷ್ಟ್ರು ಮಾತ್ರ ಮೇಲ್ ತೆರೆದರು. ಅವರು ಆ ವರ್ಷವೇ ನಿವೃತ್ತರಾಗುವವರು, ಬದುಕಿಡೀ ಒಂದು ತಪ್ಪು ಹೆಜ್ಜೆ ಬರೆಯದವರು. ಬಟನ್ ಒತ್ತಿ ಸಾರ್ ಎಂದು ಇವರು ಪಕ್ಕದಲ್ಲೇ ನಿಂತಿದ್ದರು.

“ಒತ್ತೋದು ಹೇಗ್ರೀ?” ಎಂದರು ಮೇಷ್ಟ್ರು. “ದೂರು ಕೊಟ್ಟ ದಿನ ನನ್ನ ಕಂಪ್ಯೂಟರ್ ಸರಿಯಾಗೇ ಇತ್ತು. ಇಲ್ಲದ ದೂರಿಗೆ ಪರಿಹಾರ ಆಗಿದೆ ಅಂತ ನಾನು ಹೇಗೆ ಒಪ್ಪಲಿ?”

“ಸಾರ್, ಆ ದೂರು ಬರೆದಿದ್ದೇ ನೀವಲ್ವಾ?”

“ಅದು ಸ್ನೇಹಕ್ಕೆ. ಇದು ಸಹಿ ಹಾಕಿದ ಹಾಗೆ,” ಎಂದು ಅವರು ‘ಪರಿಹಾರವಾಗಿಲ್ಲ’ ಎಂಬುದನ್ನು ಒತ್ತಿದರು. ಪೋರ್ಟಲ್ ಆ ದೂರಿಗೆ ಕೆಂಪು ಬಣ್ಣ ಹಚ್ಚಿ ‘ಗಂಭೀರ’ ಎಂದು ಗುರುತು ಮಾಡಿತು.

ಸಮಿತಿ ಕೂರುವ ದಿನ ಬೆಳಿಗ್ಗೆ ಸಭೆಯ ಕಾಗದಗಳು ಜೆರಾಕ್ಸಿಗೆ ನನ್ನ ಹತ್ತಿರವೇ ಬಂದವು. ಯಂತ್ರದಿಂದ ಒಂದೊಂದೇ ಹಾಳೆ ಹೊರಬರುತ್ತಿದ್ದ ಹಾಗೆ ಓದಿದೆ. ಪುಟಗಟ್ಟಲೆ ದೂರು. ಕಂಪ್ಯೂಟರ್ ಮೂಕವಾಗಿದೆ, ಪ್ರೊಜೆಕ್ಟರ್ ಕುರುಡಾಗಿದೆ, ಪಾಠ ನಿಂತಿದೆ, ವಿದ್ಯಾರ್ಥಿಗಳ ಭವಿಷ್ಯ ಕತ್ತಲಲ್ಲಿದೆ. ಪ್ರತಿ ಸಾಲಿನ ಮುಂದೆ ಇವರ ಹೆಸರು, ಅದರ ಮುಂದೆ ‘ಬಾಕಿ’. ತಿಂಗಳ ಮೊದಲಲ್ಲಿ ಏನೂ ಮಾಡದವರಾಗಿದ್ದ ಇವರು ಈಗ ಎಲ್ಲವನ್ನೂ ಹಾಳು ಮಾಡಿದವರಾಗಿದ್ದರು. ಪ್ರತಿ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಸುಳ್ಳು ದೂರು ಕೊಟ್ಟವರ ಮೇಲೆ ಶಿಸ್ತು ಕ್ರಮ ಕೈಗೊಳ್ಳಲಾಗುವುದು ಎಂದೂ ಇತ್ತು. ಹಾಳೆಗಳನ್ನು ಸರಿಯಾಗಿ ಜೋಡಿಸಿ, ಪಿನ್ ಹೊಡೆದು, ನಾನೇ ಮೇಲೆ ತೆಗೆದುಕೊಂಡು ಹೋದೆ.

ಸಭೆಯ ಕೋಣೆಯಲ್ಲಿ ಇವರು ಮೇಜಿನ ತುದಿಯಲ್ಲಿ ನಿಂತಿದ್ದರು. ಕೂರಿ ಎಂದು ಯಾರೂ ಹೇಳಿರಲಿಲ್ಲವೋ, ಹೇಳಿದರೂ ಕೂತಿರಲಿಲ್ಲವೋ. ನಾನು ಹಾಳೆ ಹಂಚುತ್ತಿದ್ದ ಹಾಗೆ ಆಡಳಿತಾಧಿಕಾರಿ ಒಂದು ಪ್ರತಿ ತಿರುವಿ ಹಾಕಿದರು.

“ಇಷ್ಟು ದಿನ ಏನೂ ಕೆಟ್ಟಿಲ್ಲ ಅಂತಿದ್ರಿ. ಇದೇನ್ರೀ ಇದು? ಇಷ್ಟು ದೊಡ್ಡ ದೊಡ್ಡವರೆಲ್ಲ ಸುಳ್ಳು ಬರೆದಿದ್ದಾರಾ? ನಿಮ್ಮ ಅಭಿಪ್ರಾಯ ಏನು?”

ಅಭಿಪ್ರಾಯ! ಇವರನ್ನು ಕೇಳುತ್ತಿದ್ದಾರೆ! ಈಗ ಶುರು ಮಾಡುತ್ತಾರೆ, ಪೋರ್ಟಲಿನ ಜನ್ಮ ಜಾಲಾಡುತ್ತಾರೆ, ಸುಳ್ಳು ಯಾರು ಯಾಕೆ ಬರೆದರು ಎಂದು ಬಿಚ್ಚಿಡುತ್ತಾರೆ ಎಂದುಕೊಂಡೆ. ಹಾಗೆ ಬಿಚ್ಚಿಟ್ಟರೆ ಮೇಡಂ ಮುಖ್ಯಸ್ಥೆಯಾಗುವುದು ಅಲ್ಲಿಗೇ ನಿಲ್ಲುತ್ತಿತ್ತು, ಮೇಷ್ಟ್ರ ಪಿಂಚಣಿಗೆ ಕಲ್ಲು ಬೀಳುತ್ತಿತ್ತು. ಬೀಳಲಿ ಬಿಡು ಎಂದೇ ನನಗನ್ನಿಸಿತು, ಮುಚ್ಚಿಟ್ಟು ಏನು ಪ್ರಯೋಜನ. ನನ್ನ ಕಣ್ಣ ಮುಂದೆ ಅತ್ತೆಯ ಕುರ್ಚಿ ಇತ್ತು. ಇವರು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಬಾಯಿ ತೆರೆದೆ. ಇವರು ನನ್ನ ಕಡೆ ಒಮ್ಮೆ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನ್ನನ್ನು ಹಾಗೆ ಬೇಡಿಕೊಂಡದ್ದಿಲ್ಲ.

“ಅಭಿಪ್ರಾಯ ಏನೂ ಇಲ್ಲ ಸಾರ್,” ಎಂದರು.

ಸಭೆಗೆ ಅಷ್ಟು ಸಾಕಾಯಿತು. ಮುಂದಿನ ವಿಷಯಕ್ಕೆ ಹಾಳೆ ತಿರುಗಿತು.

ಆಮೇಲೆ ಮೇಡಂ ಮನೆಗೆ ಬಂದು ಅತ್ತರು. ನಡೆದದ್ದನ್ನೆಲ್ಲ ಹೇಳಿಬಿಡುತ್ತೇನೆ ಎಂದು ಹಟ ಹಿಡಿದರು. ಇವರು ಸುತರಾಂ ಒಪ್ಪಲಿಲ್ಲ. “ಹೋಗಿದ್ದು ಹೋಯ್ತು ಮೇಡಂ, ನೀವೂ ಯಾಕೆ ಹೋಗ್ಬೇಕು?” ಎಂದರು. ನಾನು ಅವರಿಗೆ ಕಾಫಿ ಕೊಟ್ಟೆ. ಮುಖ ಕೊಟ್ಟು ಮಾತಾಡಲು ನನ್ನಿಂದಾಗಲಿಲ್ಲ. ಒಳ್ಳೆಯತನದಿಂದ ಮನೆ ಮುರಿದವರನ್ನು ಬೈಯುವುದಾದರೂ ಹೇಗೆ?

ಬೀಳ್ಕೊಡುಗೆ ಸಮಾರಂಭ ಮಾತ್ರ ಭರ್ಜರಿಯಾಗಿ ನಡೆಯಿತು. ಆ ಸ್ಟಾಫ್ ರೂಮಿನಲ್ಲಿ ಯಾರಿಗೂ ಅಷ್ಟು ದೊಡ್ಡ ಹಾರ ಬಿದ್ದದ್ದಿಲ್ಲವಂತೆ. ರಾಯರಿಲ್ಲದೆ ನಾವು ಅನಾಥರು ಎಂದು ಭಾಷಾ ವಿಭಾಗದವರು ಗದ್ಗದಿತರಾಗುತ್ತಿರುವಾಗ ಮೈಕ್ ನಿಂತುಹೋಯಿತು. ಎಲ್ಲರೂ ಅಭ್ಯಾಸಬಲದಿಂದ ಸನ್ಮಾನಿತರ ಕಡೆ ತಿರುಗಿದರು. ಇವರು ಕೊರಳಲ್ಲಿ ಹಾರ ಹಾಕಿಕೊಂಡೇ ಮೇಜಿನ ಕೆಳಗೆ ತೂರಿ ಸರಿ ಮಾಡಿಕೊಟ್ಟರು. ಭಾಷಣ ಮುಂದುವರಿಯಿತು.

ಕ್ವಾರ್ಟರ್ಸ್ ಬಿಟ್ಟೆವು. ಈಗಿರುವುದು ಊರಾಚೆ, ಎರಡನೆಯ ಮಹಡಿಯಲ್ಲಿ, ಒಂದೇ ಕೋಣೆಯ ಮನೆ. ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ಮೇಲೆ ಹತ್ತಿಸಿದ್ದೇ ಕೊನೆ, ಆಮೇಲೆ ಅವರು ಕೆಳಗಿಳಿದಿಲ್ಲ. ಬಾಗಿಲಲ್ಲಿ ಕೂತರೆ ಎದುರು ಗೋಡೆ. ಫೋನಿನ ದನಿಯ ಜೊತೆಗೇ ಮಾತಾಡುತ್ತಾರೆ. ಮಗಳು ಎರಡು ಬಸ್ಸು ಬದಲಿಸಿ ತರಗತಿಗೆ ಹೋಗುತ್ತಾಳೆ. ನನ್ನ ಅಂಗಡಿಯೊಂದು ಉಳಿಯಿತು. ಅದರ ಬಾಡಿಗೆ ಬೇರೆ ಇಲಾಖೆಯದು, ಯಾರಿಗೂ ನೆನಪಾಗಿರಲಿಕ್ಕಿಲ್ಲ. ಬೇರೆ ಕೆಲಸ ಹುಡುಕುವ ನಡುವೆ ಇವರೂ ನನ್ನ ಜೊತೆ ಬಂದು ಪೇಪರ್ ಕತ್ತರಿಸಿಕೊಡುತ್ತ ಕೂರತೊಡಗಿದರು.

ಮೇಲೆ ಹೊರಗಿನ ಕಂಪನಿಯವರು ಬಂದು ಇವರ ಕೋಣೆಯಲ್ಲಿ ಕೂತರು. ಅಚ್ಚುಕಟ್ಟಾದ ಬಟ್ಟೆ, ಅಚ್ಚುಕಟ್ಟಾದ ಮಾತು. ಕೂಗಿದರೆ ತಿರುಗಿಯೂ ನೋಡುವುದಿಲ್ಲ, ಪೋರ್ಟಲ್‌ನಲ್ಲಿ ದೂರು ಬಂದರೆ ಮಾತ್ರ ಏಳುವುದು. ಕಂಪನಿ ಪೋರ್ಟಲನ್ನು ಇನ್ನೂ ಬಿಗಿ ಮಾಡಿ, ದೂರು ದಾಖಲಿಸಲೂ ಮೇಲ್ ಪಾಸ್‌ವರ್ಡ್ ಬೇಕು ಎಂದಿತು. ಅಲ್ಲಿಗೆ ದೂರು ಬರುವ ಬಾಗಿಲೇ ಮುಚ್ಚಿತು. ಮೊದಲು ಇಳಿದು ಬಂದವರು ಭಾಷಾ ವಿಭಾಗದವರು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು. “ರಾಯರೇ, ಸ್ವಲ್ಪ ನೋಡಿ,” ಎಂದರು. ಇವರು ಬೈಯುತ್ತ ನೋಡಿದರು. ಆಮೇಲೆ ಮೇಡಂ, ಈಗ ಮುಖ್ಯಸ್ಥೆ. ಆಮೇಲೆ ಎಲ್ಲರೂ. ಈಗಂತೂ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತದೆ, ಜೆರಾಕ್ಸಿಗೆ ಬಂದವರಿಗೆ ಜಾಗವಿಲ್ಲ. ಕೊಟ್ಟರೆ ಇವರು ತೆಗೆದುಕೊಳ್ಳುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಹೆಚ್ಚಿನವರು ಆತ್ಮೀಯತೆಯಿಂದ ಮರೆತುಬಿಡುತ್ತಾರೆ.

“ನಿಮಗೆ ಮಾನ ಮರ್ಯಾದೆ ಏನಾದ್ರೂ ಇದೆಯೇನ್ರೀ?” ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ.

“ಕಂಪ್ಯೂಟರ್ ಏನು ತಪ್ಪು ಮಾಡಿದೆ ಹೇಳು,” ಎಂದರು.

ಮೊನ್ನೆ ಸಾಲಿನಲ್ಲಿ ಆಡಳಿತಾಧಿಕಾರಿಯೇ ಇದ್ದರು. ಸಾಲು ತಪ್ಪಿಸಿ ಮುಂದೆ ಬಂದರು ಎನ್ನಿ, ಅಧಿಕಾರಿಗಳಲ್ಲವೇ. ಅವರ ಲ್ಯಾಪ್‌ಟಾಪ್ ಸತ್ತಂತೆ ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಸಭೆ, ಸಭೆಗೆ ಬೇಕಾದ ವರದಿ ಅದರೊಳಗೆ. ಮೇಲಿನ ಕಂಪನಿಯವರಿಗೆ ಹೇಳಲಿಲ್ಲವೇ ಎಂದು ಇವರು ಕೇಳಿದ್ದಕ್ಕೆ, “ಪಾಸ್‌ವರ್ಡ್ ನೆನಪಾಗ್ತಿಲ್ಲ ಕಣ್ರೀ,” ಎಂದು ದನಿ ತಗ್ಗಿಸಿದರು. ಬೇಡ, ಮುಟ್ಟಬೇಡಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಇವರು ನೋಡದವರ ಹಾಗೆ ಅದನ್ನು ಮಗುಚಿ ಹಾಕಿ, ಸ್ಕ್ರೂ ಬಿಚ್ಚಿ, ಏನೋ ಒತ್ತಿ, ಮತ್ತೆ ಕೂರಿಸಿದರು. ಪರದೆಗೆ ಜೀವ ಬಂತು. ವರದಿಯೂ ಬಂತು. ಪ್ರಿಂಟ್ ತೆಗೆದುಕೊಡಬೇಕಾದವಳು ನಾನು.

ಹೊಸ ವ್ಯವಸ್ಥೆ ಜಾರಿಗೆ ಬಂದ ಮೇಲೆ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ದೂರೂ ದಾಖಲಾಗಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಇದು ಕಂಪನಿಯ ದಕ್ಷತೆಗೆ ಸಾಕ್ಷಿ, ಗುತ್ತಿಗೆಯನ್ನು ಇನ್ನೂ ಹಲವು ವರ್ಷ ಮುಂದುವರಿಸಲು ಶಿಫಾರಸು ಮಾಡಲಾಗಿದೆ. ನಾನು ಓದಿದೆ. ಪಕ್ಕದಲ್ಲಿ ಬಗ್ಗಿ ಇವರೂ ಓದಿದರು. ಹಾಳೆಗಳು ಬಿಸಿಬಿಸಿಯಾಗಿ ಒಂದರ ಮೇಲೊಂದು ಬಂದು ಬಿದ್ದವು.

ಆಡಳಿತಾಧಿಕಾರಿ ಕಟ್ಟನ್ನು ಕೈಗೆ ತೆಗೆದುಕೊಂಡು, ಸಂತೋಷದಿಂದ ಇವರ ಬೆನ್ನು ತಟ್ಟಿದರು. ಕುಹಕವಿರಲಿಲ್ಲ, ಮನಸ್ಸಿನಿಂದಲೇ ಹೇಳಿದರು.

“ನೋಡಿ, ಮೇಲಿದ್ದಾಗಲೇ ಹೀಗೆ ಕೆಲಸ ಮಾಡಿದ್ದಿದ್ರೆ ನಾವ್ಯಾಕ್ರೀ ನಿಮ್ಮನ್ನ ಕಳಿಸ್ತಿದ್ವಿ?”

ನನಗೆ ಕಣ್ಣಲ್ಲಿ ನೀರು ತುಂಬಿ, ಯಂತ್ರದ ಕಡೆ ತಿರುಗಿ ನಿಂತೆ.

“ಹೌದು ಸಾರ್,” ಎಂದರು ಇವರು. ಆಮೇಲೆ ಸಾಲಿನಲ್ಲಿ ಮುಂದೆ ನಿಂತಿದ್ದವರ ಕೈಯಿಂದ ಲ್ಯಾಪ್‌ಟಾಪ್ ಇಸಿದುಕೊಂಡು, ಒಂದ್ಸಲ ರೀಸ್ಟಾರ್ಟ್ ಮಾಡಿದ್ರಾ ಎಂದು ಕೇಳಿದರು.